ಚಂದ್ರಿಯ ಬರಿ ಬೆನ್ನು

ಮಾರ್ಚ್ ೩೦, ರವಿವಾರ. ಯುಗಾದಿ

"ಇಲ್ಲಿ ನೆರೆದಿರುವ ಎಲ್ಲರಿಗೂ ಹೊಸ ವರ್ಷದ ನಮಸ್ಕಾರಗಳು. ಈ ಸೊಸಾಯಿಟಿಯ ಮೊದಲ ಮನೆಗಳು ಏಳುವಾಗ ನೀರಿನ ಟ್ಯಾಂಕರಿಗಾಗಿ ಕೊಡ ಹಿಡಿದು ಸಾಲಿನಲ್ಲಿ ನಿಂತ ಹಿರಿಯರು ಇಂದು ಮುಂದಿನ ಕುರ್ಚಿಗಳಲ್ಲಿ ಕುಳಿತಿದ್ದಾರೆ. ಪಂಪ್‌ಹೌಸಿನ ಹಿಂದಿನ ಮೂಲೆಯನ್ನು ನಮ್ಮ ಮಕ್ಕಳಿಗೆ ಬಿಟ್ಟುಕೊಟ್ಟವರೂ ಅವರೇ. ಅವರಿಗೆ ಕೃತಜ್ಞತೆ ಸಲ್ಲಿಸಿ ನನ್ನ ಮಾತನ್ನು ಆರಂಭಿಸುತ್ತೇನೆ."

ಇಷ್ಟನ್ನು ಓದಿದೆ. ಮುಂದಿನ ಎರಡು ಪುಟಗಳು ಕೈಯಲ್ಲೇ ಉಳಿದವು. ಅವುಗಳಲ್ಲಿ ನಮ್ಮ ಕೋಳಿ ಬಳಗದ ಒಂದು ವರ್ಷದ ವೃತ್ತಾಂತವಿತ್ತು: ಇಂದಾಪುರದಿಂದ ಎಸ್.ಟಿ. ಬಸ್ಸಿನಲ್ಲಿ ಬುಟ್ಟಿಯೊಳಗೆ ಬಂದ ಒಂಬತ್ತು ಮರಿಗಳು, ಅವುಗಳ ಜೊತೆಗೇ ಬೆಳೆದ ಏಳು ಮಕ್ಕಳು, ಮೊದಲ ಮೊಟ್ಟೆಯನ್ನು ಅಂಗೈಯಲ್ಲಿಟ್ಟುಕೊಂಡು ಅವರಲ್ಲೊಬ್ಬಳಾದ ಮುಕ್ತಾ ಮೂರು ಮಹಡಿ ಹತ್ತಿ ಬಂದ ದಿನ. ನಾನು ಪುಟ ತಿರುಗಿಸುವಷ್ಟರಲ್ಲಿ ಕಾರ್ಯದರ್ಶಿ ಈರಬಸಪ್ಪನವರು ಎದ್ದು ತಮ್ಮ ಫೋನನ್ನು ಎತ್ತಿ ಹಿಡಿದರು. ಕ್ಯಾಂಪ್ ಪೇಟೆಯಲ್ಲಿ ಮೂವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದವರು. ಸರಕನ್ನು ಬಿಡಿಸಿ ತೋರಿಸುವುದು ಅವರಿಗೆ ಗೊತ್ತು.

"ಗೌರಾಬಾಯಾರ, ಭಾಷಣ ಆಮ್ಯಾಲ ಆಗಲಿ. ಮೊದಲ ಈ ಫೋಟೋ ನೋಡ್ರಿ. ಇದು ಸಾಕೂ ಕೋಳಿನೋ, ಒಲಿ ಮ್ಯಾಲ ಇಡೂದೋ?"

ಸಭೆ ನಕ್ಕಿತು. ಚಿತ್ರದಲ್ಲಿದ್ದವಳು ನಮ್ಮ ಹೇಂಟೆ ಚಂದ್ರಿ. ಬಾಲದ ಬುಡದಿಂದ ಕತ್ತಿನವರೆಗೆ ಒಂದು ಗರಿಯೂ ಇಲ್ಲದೆ ಬೆನ್ನಿನ ಚರ್ಮ ಕಾಣುತ್ತಿತ್ತು. ರೋಗವಿರಬೇಕು, ಮಕ್ಕಳಿಗೆ ಹತ್ತೀತು ಎಂದು ಯಾರೋ ಮರಾಠಿಯಲ್ಲಿ ಹೇಳಿದರು. ತೀರ್ಮಾನಕ್ಕೆ ಐದು ನಿಮಿಷವೂ ಬೇಕಾಗಲಿಲ್ಲ. ಏಪ್ರಿಲ್ ಇಪ್ಪತ್ತೇಳರ ವಾರ್ಷಿಕ ಸಭೆಯೊಳಗೆ ಕೋಳಿಗಳು ನೆಟ್ಟಗಾಗಬೇಕು; ಆಗದಿದ್ದರೆ ಮರಳಿ ಇಂದಾಪುರಕ್ಕೆ.

ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು ನಾನು. ಒಂದು ಫೋಟೋಕ್ಕೆ ನನ್ನ ಕೋಳಿಗಳನ್ನು ಬಿಟ್ಟುಕೊಡುವವಳಲ್ಲ.

ಮಾರ್ಚ್ ೩೧, ಸೋಮವಾರ

ಬೆಳಗಿನಿಂದ ಗೂಡಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತೆ. ಗರಿ ತಾವಾಗಿ ಉದುರುತ್ತಿಲ್ಲ, ಕೀಳಲಾಗುತ್ತಿದೆ. ದುರ್ಗಿ ಎಂಬ ಕರಿಯ ಹೇಂಟೆ ಚಂದ್ರಿಯ ಹಿಂದೆ ಹಿಂದೆಯೇ ನಡೆದು, ಒಂದು ಗರಿ ಹಿರಿದು, ನುಂಗಿಯೂ ಬಿಟ್ಟಿತು. ರೋಗವಲ್ಲ, ದುರಭ್ಯಾಸ. ದುರಭ್ಯಾಸವನ್ನು ಶಿಸ್ತಿನಿಂದ ತಿದ್ದಬಹುದೆಂದು ನನ್ನ ಇಡೀ ವೃತ್ತಿ ನನಗೆ ಕಲಿಸಿದೆ.

ನಮ್ಮ ಗೂಡಿನಲ್ಲಿ ಕೊರತೆಯೇನೂ ಇಲ್ಲ. ಬೆಕ್ಕಿನ ಭಯದಿಂದ ಫೆಬ್ರವರಿಯಲ್ಲಿ ಅಂಗಳವನ್ನು ಅರ್ಧಕ್ಕೆ ಇಳಿಸಿ ಬಲೆ ಬಿಗಿಸಿದ್ದೇನೆ. ನೆಲಕ್ಕೆ ಫರಸಿಕಲ್ಲು. ಮಕ್ಕಳು ದಿನಕ್ಕೆರಡು ಸಲ ಗುಡಿಸಿ ತೊಳೆಯುತ್ತಾರೆ. ಒಂದು ಕಡ್ಡಿಯೂ ಉಳಿಯುವುದಿಲ್ಲ. ಹಾಗಾದರೆ ಲೋಪವೆಲ್ಲಿ? ಪಾಳಿಯ ಪಟ್ಟಿ ತೆಗೆದು ನೋಡಿದೆ. ಕಳೆದ ಗುರುವಾರ ಮುಕ್ತಾ ಕಾಳು ಹಾಕಲು ಒಂದು ತಾಸು ತಡವಾಗಿ ಬಂದಿದ್ದಾಳೆ. ಹಸಿದ ಕೋಳಿ ಕುಕ್ಕುತ್ತದೆ.

ಸಂಜೆ ಏಳೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಲ್ಲರೆದುರು ಅವಳ ಹೆಸರನ್ನು ಪಟ್ಟಿಯಿಂದ ತೆಗೆದೆ. ಹನ್ನೊಂದು ವರ್ಷದ ಹುಡುಗಿ; ಬೆಳಗಾವಿ ಕಡೆಯ ಮನೆತನ, ಒಳ್ಳೆಯ ಬುದ್ಧಿ. ಅಳಲಿಲ್ಲ. ಒಳ್ಳೆಯ ಬುದ್ಧಿಯವರನ್ನೇ ಹೆಚ್ಚು ತಿದ್ದಬೇಕಾಗುತ್ತದೆ. ಅವಳ ಮೇಲಿನ ಪ್ರೀತಿಯಿಂದಲೇ ಹೀಗೆ ಮಾಡಿದೆ.

ಚಂದ್ರಿಯ ಬೆನ್ನಿಗೆ ನಮ್ಮ ಅಜ್ಜಿಯ ಔಷಧ ಹಚ್ಚಿದೆ: ಜೇಜುರಿಯ ಗುಡಿಯಿಂದ ತಂದ ಅರಿಶಿನ, ಎಲೆಗೆ ಹಚ್ಚುವ ಸುಣ್ಣ, ಎರಡು ಹನಿ ನೀರು. ಗಾಯ ಒಣಗುತ್ತದೆ, ನೊಣ ಕೂಡುವುದಿಲ್ಲ.

ಏಪ್ರಿಲ್ ೩, ಗುರುವಾರ

ಚಂದ್ರಿಯ ಜೊತೆಗೆ ಇನ್ನೂ ಮೂರು ಕೋಳಿಗಳ ಬೆನ್ನು ಬರಿದಾಗಿದೆ. ನಾಲ್ಕಕ್ಕೂ ಅರಿಶಿನ-ಸುಣ್ಣ ಹಚ್ಚಿದೆ.

ಈರಬಸಪ್ಪನವರ ಮೊಮ್ಮಗ ಮಾಂತು ನಮ್ಮ ಬಳಗದವನೇ. ಮುಕ್ತಾ ಬಲೆಯ ಹೊರಗೆ ನಿಂತು ಇಣುಕುತ್ತಿದ್ದಾಗ ಅವನು ಕೂಗಿದ: "ಏ ಬೋಳ ಕೋಳಿ, ಆಚೆ ಸರಿ! ನಿನ್ನ ಪಾಳಿ ಇಲ್ಲ." ಉಳಿದವರು ಕಿಸಕ್ಕನೆ ನಕ್ಕರು. ಮಕ್ಕಳ ಆಟ. ನಾನು ಕಿವಿಗೊಡಲಿಲ್ಲ.

ಏಪ್ರಿಲ್ ೪

ಐದು.

ಏಪ್ರಿಲ್ ೬, ರವಿವಾರ

ಸೊಸಾಯಿಟಿಯ ವಾಟ್ಸಾಪ್ ಗುಂಪಿನಲ್ಲಿ ಇನ್ನೊಂದು ಚಿತ್ರ. ಐದು ಕೋಳಿಗಳು, ಐದು ಕೆಂಪು ಬೆನ್ನುಗಳು. ಕೆಳಗೆ ಈರಬಸಪ್ಪನವರ ಒಂದೇ ಸಾಲು: "ಇದನ್ನ ನೋಡಿ ನಮ್ಮ ಮನ್ಯಾಗ ಊಟ ಸೇರವಲ್ದು."

ಗೇಟಿನ ಬಳಿ ಅವರನ್ನು ತಡೆದು ನಿಲ್ಲಿಸಿದೆ.

"ಈರಬಸಪ್ಪನವರ, ಅದು ಬರೇ ರಕ್ತ ಅಲ್ಲ, ಔಷಧನೂ ಅದ."

"ಔಷಧ ಹಚ್ಚಿದ ಮ್ಯಾಲ ಒಂದು ಹೋಗಿ ಐದು ಆದುವಲ್ರಿ ಬಾಯಾರ. ಇನ್ನೊಂದೀಟು ಹಚ್ಚ್ರಿ, ಒಂಬತ್ತೂ ಆಗತಾವ."

"ಇಪ್ಪತ್ತೇಳಕ್ಕ ನೋಡೂಣಂತ."

"ನಾ ನೋಡೂದು ಏನದ? ಮರಿ ಕೊಟ್ಟ ಇಂದಾಪುರದಾಂವಗ ಫೋನ್ ಮಾಡೀನಿ. ಬುಟ್ಟಿ ತರತೇನಂದಾನ."

"ಬುಟ್ಟಿ ಖಾಲಿ ಒಯ್ಯಬೇಕಾಗತದ ಅಂತ ಅವಂಗ ಮೊದಲ ಹೇಳಿಡ್ರಿ" ಎಂದು ಬಂದುಬಿಟ್ಟೆ.

ಏಪ್ರಿಲ್ ೮, ಮಂಗಳವಾರ

ಚಂದ್ರಿ ಮೊಟ್ಟೆಯಿಡುವ ಡಬ್ಬಿಯ ಹಿಂದೆ ತಲೆ ತೂರಿಸಿಕೊಂಡು ನಿಂತಿದೆ. ಕಾಳಿಗೂ ಬರಲಿಲ್ಲ. ಈ ಸಲ ರಕ್ತವೇ. ಇಂದು ಎರಡು ಸಲ ಹಚ್ಚಿದೆ, ದಪ್ಪನಾಗಿ.

ಏಪ್ರಿಲ್ ೧೦, ಗುರುವಾರ

ಇದನ್ನು ನಿಧಾನವಾಗಿ ಬರೆಯಬೇಕು.

ಮಧ್ಯಾಹ್ನ ನಾನು ಗೂಡಿಗೆ ಹೋದಾಗ ಮುಕ್ತಾ ಬಲೆಯ ಹೊರಗೆ ನೆಲದ ಮೇಲೆ ಕುಳಿತಿದ್ದಳು; ತೊಡೆಯ ಮೇಲೆ ನೋಟ್‌ಬುಕ್ಕು. ಬಲೆಯ ಕೆಳಗಿನ ಸಂದಿಯಿಂದ ಎರಡು ಇಟ್ಟಿಗೆಗಳನ್ನು ಒಳಗೆ ಸರಿಸಿದ್ದಳು. ಒಂದರ ಮೇಲೆ ಹಳದಿ ಬಣ್ಣ, ಇನ್ನೊಂದರ ಮೇಲೆ ಕೆಂಪು. ದುರ್ಗಿ ಮತ್ತು ಮೂರು ಕೋಳಿಗಳು ಕೆಂಪು ಇಟ್ಟಿಗೆಯನ್ನು ಟಕಟಕನೆ ಕುಕ್ಕುತ್ತಿದ್ದವು. ಹಳದಿಯದರ ಮೇಲೆ ಒಂದು ಕೋಳಿ ಆರಾಮಾಗಿ ನಿಂತಿತ್ತು.

"ಏನ ನಡಿಸೀ ಇದು? ನಿನ್ನ ಪಾಳಿ ಇಲ್ಲ ಅಲಾ?"

"ಒಳಗ ಬಂದಿಲ್ರಿ ಅಕ್ಕೋರ. ಹೊರಗ ಕೂಡೂದಕ್ಕ ಪಾಳಿ ಬೇಕೇನ್ರಿ?"

ಅವಳು ನೋಟ್‌ಬುಕ್ಕನ್ನು ಬಲೆಗೆ ಒತ್ತಿ ತೋರಿಸಿದಳು. ಅರ್ಧ ತಾಸಿನಲ್ಲಿ ಕೆಂಪು ಇಟ್ಟಿಗೆಗೆ ಐವತ್ತೆರಡು ಕುಕ್ಕು, ಹಳದಿಗೆ ನಾಲ್ಕು.

"ಎರಡಕ್ಕೂ ಅರಿಶಿನನ ಹಚ್ಚೀನ್ರಿ. ಒಂದರಾಗ ಅಷ್ಟ ಸುಣ್ಣ ಕೂಡಸೀನಿ. ಆರತಿ ನೀರು ಕೆಂಪ ಆಗೂದು ಹಂಗ ಅಲ್ಲೇನ್ರಿ? ನೀವ ಕಲಿಸಿದ್ರಿ, ಅರಿಶಿನದ ಕಾಗದಕ್ಕ ಸುಣ್ಣದ ತಿಳಿ ಹನಿಸಿ." ಕೆಂಪು ಇಟ್ಟಿಗೆಯ ಕಡೆ ಬೆರಳು ತೋರಿಸಿ ಸೇರಿಸಿದಳು: "ಅವು ರಕ್ತ ಅಂತ ತಿಳದು ಕುಕ್ಕತಾವೇನೋ ಅನ್ನಸ್ತದ್ರಿ."

ಅರಿಶಿನದ ಕಾಗದ. ಮೂವತ್ತೊಂದು ವರ್ಷ, ಪ್ರತಿ ವರ್ಷ ಜುಲೈ ತಿಂಗಳಿನಲ್ಲಿ, ನಾನು ಆ ಕಾಗದಕ್ಕೆ ಸುಣ್ಣದ ತಿಳಿ ಹನಿಸಿ ತರಗತಿಗೆ ಎತ್ತಿ ಹಿಡಿದವಳು. ಮನೆಯಲ್ಲಿ ಎಷ್ಟು ಮದುಮಕ್ಕಳಿಗೆ ಆ ಕೆಂಪು ನೀರನ್ನು ನಿವಾಳಿಸಿದ್ದೇನೆಂಬ ಲೆಕ್ಕವೂ ಇಲ್ಲ. ಅಜ್ಜಿಯ ಔಷಧವೆಂದು ಬಟ್ಟಲಿನಲ್ಲಿ ಕಲಸುವಾಗ ಬಣ್ಣ ಬದಲಾಗುವುದನ್ನು ಕಂಡೂ ನೋಡಲಿಲ್ಲ. ಐದು ಕೋಳಿಗಳ ಬೆನ್ನಿಗೆ ನಾನೇ ಗುರಿ ಬರೆದುಕೊಟ್ಟಿದ್ದೇನೆ.

ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಐದೂ ಬೆನ್ನುಗಳನ್ನು ಒರೆಸಿದೆವು. ಹೌದು, ಮುಕ್ತಾ ಒಳಗೆ ಬಂದಳು. ಪಟ್ಟಿಯಲ್ಲಿ ಹೆಸರಿಲ್ಲದೆಯೇ.

ಏಪ್ರಿಲ್ ೧೧, ಶುಕ್ರವಾರ

ಬುಟ್ಟಿಯಲ್ಲಿ ಚಂದ್ರಿಯನ್ನಿಟ್ಟುಕೊಂಡು ರಿಕ್ಷಾದಲ್ಲಿ ಪಶುವೈದ್ಯರ ಬಳಿ ಹೋದೆವು, ನಾನು ಮತ್ತು ಮುಕ್ತಾ. ರೋಗವಿಲ್ಲ, ಹೇನೂ ಇಲ್ಲವೆಂದರು. ಗಾಯಕ್ಕೆ ನೀಲಿ ಔಷಧ ಕೊಟ್ಟರು. ಚಂದ್ರಿಯನ್ನು ಗಾಯ ಮಾಯುವವರೆಗೆ ಬೇರೆ ಇಡಬೇಕು, ಆದರೆ ಉಳಿದವುಗಳ ಕಣ್ಣೆದುರೇ ಇಡಬೇಕು. ಇಲ್ಲವಾದರೆ ಮರಳಿ ಬಿಟ್ಟಾಗ ಹೊಸಬಳೆಂದು ಹೊಡೆಯುತ್ತವೆಯಂತೆ. ಕಾಳಿನ ಜೊತೆ ಶೇಂಗಾ ಹಿಂಡಿ ಕೊಡಲು ಹೇಳಿದರು. ಬಾಗಿಲಲ್ಲಿ ಕೇಳಿದರು: "ಕೋಳಿಗಳಿಗೆ ದಿನವಿಡೀ ಕೆಲಸ ಏನಿದೆ?" ಪ್ರಶ್ನೆಯೇ ನನಗೆ ಅರ್ಥವಾಗಲಿಲ್ಲ.

ಮರಳುವಾಗ ರಿಕ್ಷಾದಲ್ಲಿ ಹೇಳಿದೆ: "ಮುಕ್ತಾ, ತಪ್ಪು ನಂದು. ನಿನ್ನ ಹೆಸರು ತಗೀಬಾರದಿತ್ತು."

ಅವಳು ಬುಟ್ಟಿಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಹೊರಗೆ ನೋಡುತ್ತಲೇ ಇದ್ದಳು. "ತಗದದ್ದು ಎಲ್ಲಾರ ಮುಂದ ತಗದ್ರಿ, ಅಕ್ಕೋರ" ಎಂದಳು. ಅಷ್ಟೇ.

ಏಪ್ರಿಲ್ ೧೪, ಸೋಮವಾರ

ಸೊಸಾಯಿಟಿಯ ಕಸ ಗುಡಿಸುವ ಯಂಕವ್ವ ವಿಜಯಪುರದ ಕಡೆಯವಳು. ವೈದ್ಯರ ಪ್ರಶ್ನೆಯನ್ನು ಅವಳ ಮುಂದಿಟ್ಟೆ. ಪೊರಕೆಯನ್ನು ಗೋಡೆಗೆ ಆನಿಸಿ ಗೂಡಿನ ನೆಲ ನೋಡಿ ನಕ್ಕಳು.

"ಇದು ಕೋಳಿ ಮನೀನೋ ದೇವರ ಮನೀನೋ? ಅಕ್ಕೋರ, ಕೋಳಿ ಮುಂಜಾನಿಂದ ಸಂಜೀತನಕಾ ಕೆದರೂದು. ತಿಪ್ಪಿ ಕೆದರತೈತಿ, ಹುಳ ಹುಡಕತೈತಿ, ಬೂದ್ಯಾಗ ಹೊಳ್ಳಾಡತೈತಿ. ನೀವು ಫರಸಿ ಹಾಕಿ ತಿಕ್ಕಿ ತೊಳದೀರಿ. ಪಾಪ, ಕೆದರಾಕ ಏನೂ ಸಿಗಲಿಲ್ಲಂದ್ರ ಬಾಜೂದಕಿ ಬೆನ್ನ ಕೆದರತೈತಿ."

"ಸ್ವಚ್ಛ ಇರಬೇಕಲ್ಲಾ ಯಂಕವ್ವ?"

"ಸ್ವಚ್ಛ ಇರಾಕ ನಾ ಅದೀನಿ. ಅವನ್ನ ಕೋಳಿಯಂಗ ಇರಾಕ ಬಿಡ್ರಿ."

ಮಕ್ಕಳು ನಕ್ಕರು. ನಾನೂ ನಕ್ಕೆ. ಮೂರು ಬುಟ್ಟಿ ಮಣ್ಣು, ಒಣಗಿದ ಎಲೆ, ಒಂದು ತಗಡಿನ ಡಬ್ಬಿ ತುಂಬ ಬೂದಿ ತಂದೆವು. ಫೆಬ್ರವರಿಯ ಬಲೆಯನ್ನು ನಾನೇ ಕತ್ತರಿಸಿದೆ. ಬೆಕ್ಕಿಗಾಗಿ ಹೊರಬೇಲಿಯನ್ನು ಎತ್ತರಿಸಿದರಾಯಿತೆಂದು ಮಾಂತು ಹೇಳಿದ, ಫೆಬ್ರವರಿಯಲ್ಲೂ ಹೇಳಿದ್ದನಂತೆ. ನನಗೆ ನೆನಪಿಲ್ಲ. ಮುಕ್ತಾ ಮೆಂತ್ಯ ಸೊಪ್ಪಿನ ಕಟ್ಟನ್ನು ಕೋಳಿಯ ತಲೆಗಿಂತ ತುಸು ಎತ್ತರಕ್ಕೆ ದಾರದಲ್ಲಿ ತೂಗುಬಿಟ್ಟಳು. ದುರ್ಗಿ ಹಾರಿ ಹಾರಿ ಅದನ್ನು ಕುಕ್ಕಿತು. ಇಡೀ ಮಧ್ಯಾಹ್ನ ಯಾರ ಬೆನ್ನ ಮೇಲೂ ಅದಕ್ಕೆ ಆಸಕ್ತಿಯಿರಲಿಲ್ಲ.

ನಾನು ಇಷ್ಟು ದಿನ ಕೆಟ್ಟವಳೆಂದು ತಿಳಿದಿದ್ದ ದುರ್ಗಿ ಕೆಲಸವಿಲ್ಲದವಳು, ಅಷ್ಟೇ.

ಏಪ್ರಿಲ್ ೧೯, ಶನಿವಾರ

ಮಕ್ಕಳ ಎಣಿಕೆ: ಬೆನ್ನಿಗೆ ಬೀಳುವ ಕುಕ್ಕು ತಾಸಿಗೆ ನಲವತ್ತರಿಂದ ಹನ್ನೊಂದಕ್ಕೆ ಇಳಿದಿದೆ.

ಗರಿ ಮಾತ್ರ ಬಂದಿಲ್ಲ. ಇಪ್ಪತ್ತೇಳಕ್ಕೆ ಸಭೆಯವರು ನೋಡುವುದು ಬರಿ ಬೆನ್ನುಗಳನ್ನೇ. ಈಗ ಕೋಳಿಗಳ ಪರವಾಗಿ ಒಂದೇ ಒಂದು ಮಾತು ಗಟ್ಟಿಯಾಗಿದೆ: ರೋಗವಿಲ್ಲವೆಂಬ ವೈದ್ಯರ ಚೀಟಿ. ಅದೊಂದನ್ನು ಓದಿ ಕುಳಿತರೆ ಸಾಕು. ಕೆಂಪು ಬಣ್ಣದ ವಿಷಯವನ್ನು ಅಲ್ಲಿ ಎತ್ತಬೇಕೆ? ಎತ್ತಿದರೆ ಈರಬಸಪ್ಪನವರ ಕೈಗೆ ನಾನೇ ಕೋಲು ಕೊಟ್ಟಂತೆ. ಸಾಕುವವಳಿಗೇ ತಿಳಿಯದೆಂದು ಅವರು ಹೇಳಿದರೆ ಕೋಳಿಗಳು ಹೋಗುತ್ತವೆ. ಹೋದರೆ ಈ ಮಕ್ಕಳು ಮತ್ತೆ ಮೆಟ್ಟಿಲ ಮೇಲೆ ಕುಳಿತು ಫೋನು ತಿಕ್ಕುತ್ತಾರೆ.

"ಅರಿಶಿನದ್ದು ಮೀಟಿಂಗಿನ್ಯಾಗ ಹೇಳ್ತೀರೇನ್ರಿ?" ಎಂದು ಮುಕ್ತಾ ಕೇಳಿದಳು. ನೋಡೋಣವೆಂದೆ.

ಮಾಂತು ಇಂದು ಸಹ ಅವಳನ್ನು ಬೋಳ ಕೋಳಿ ಎಂದೇ ಕರೆದ. ಈ ಸಲ ನನಗೆ ಚೆನ್ನಾಗಿ ಕೇಳಿಸಿತು. ಗದರಿದೆ. ಅವನು ಬೆರಗಿನಿಂದ ನೋಡಿದ: "ನೀವ ಅಲ್ರಿ ಆಕಿನ್ನ ತಗದವರು?"

ಏಪ್ರಿಲ್ ೨೩, ಬುಧವಾರ

ಚಂದ್ರಿಯ ಬೆನ್ನಿನ ಮೇಲೆ ಸೂಜಿಯ ಮೊನೆಯಂಥ ಹೊಸ ಗರಿಮೊಳಕೆಗಳು! ಹದಿನೇಳು. ಏಳೂ ಮಕ್ಕಳು ಎಣಿಸಿದರು. ಏಳು ಬಾರಿಯೂ ಬೇರೆ ಬೇರೆ ಸಂಖ್ಯೆ ಬಂದು ಜಗಳವಾಯಿತು. ಹದಿನೇಳು ಎಂಬುದು ನನ್ನದು.

ಪಾಳಿಯ ಪಟ್ಟಿ ಎಲ್ಲಿಟ್ಟೆನೋ ತಿಳಿಯದು. ಎರಡು ವಾರದಿಂದ ಯಾರೂ ಕೇಳಿಲ್ಲ. ಕಾಳು ಒಂದು ದಿನವೂ ತಡವಾಗಿಲ್ಲ.

ಏಪ್ರಿಲ್ ೨೭, ರವಿವಾರ

ಸಭೆ ಹನ್ನೊಂದಕ್ಕೆ ಆರಂಭವಾಯಿತು. ಮೂವತ್ತಾರು ಮನೆಗಳಲ್ಲಿ ಮೂವತ್ತೊಂದು ಮನೆಯವರು ಬಂದಿದ್ದರು. ಇಂದಾಪುರದವನು ಗೇಟಿನ ಹೊರಗೆ ಬುಟ್ಟಿಯ ಮೇಲೆ ಕುಳಿತು ಬೀಡಿ ಸೇದುತ್ತಿದ್ದ.

ವೈದ್ಯರ ಚೀಟಿ ಓದಿದೆ. ಚಪ್ಪಾಳೆ ಬರಲಿಲ್ಲ, ಗದ್ದಲವೂ ಆಗಲಿಲ್ಲ. ಕುಳಿತುಬಿಡಬಹುದಿತ್ತು. ಮಕ್ಕಳು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಆರು ಜನ ಒಟ್ಟಿಗೆ, ಮುಕ್ತಾ ಮೂರು ಮಾರು ಆಚೆ.

ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದೆ. "ಕೋಳಿಗಳ ಬೆನ್ನು ಕೆಂಪ ಮಾಡಿದಾಕಿ ನಾನು. ಅರಿಶಿನಕ್ಕ ಸುಣ್ಣ ಕೂಡಸಿ ಹಚ್ಚಿದೆ. ಗಾಯ ಹೆಚ್ಚಾಗಿದ್ದು ಅದರಿಂದ. ಅಂಗಳ ಸಣ್ಣ ಮಾಡಿದಾಕಿನೂ ನಾನ. ಮುಕ್ತಾಂದು ಏನೂ ತಪ್ಪಿರಲಿಲ್ಲ. ಎಲ್ಲಾರ ಮುಂದ ಆಕಿ ಹೆಸರು ತಗದಿದ್ದೆ, ಎಲ್ಲಾರ ಮುಂದ ಕ್ಷಮಾ ಕೇಳ್ತೀನಿ. ಕಾರಣ ಕಂಡುಹಿಡದಾಕಿನೂ ಆಕೀನ."

ಈರಬಸಪ್ಪನವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಅಂದ್ರ ತಪ್ಪು ಒಪ್ಪಿದ್ರಿ."

"ಒಪ್ಪಿದೆ."

"ಹಂಗಾದ್ರ ಮುಗೀತಲ್ರಿ. ಬುಟ್ಟಿಯಾಂವನ ಒಳಗ ಕರೀತೀನಿ."

"ಮುಗೀಲಿಲ್ರಿ. ತಪ್ಪು ಒಪ್ಪೀನಿ, ಕೋಳಿ ಕಳಸೂದನ್ನ ಒಪ್ಪಿಲ್ಲ. ತಪ್ಪು ಮಾಡಿದಾಕಿ ನಾನು, ಕಳಸೂದಿದ್ರ ನನ್ನ ಕಳಸ್ರಿ, ಆ ಬುಟ್ಟ್ಯಾಗ ಹಿಡಿಸಿದ್ರ!"

ಇಡೀ ಸಭೆ ನಕ್ಕಿತು. ಯುಗಾದಿಯ ದಿನದ ನಗೆಯಲ್ಲ. ಮುಕ್ತಾ ಯಾರೂ ಕರೆಯದೆಯೇ ಮುಂದೆ ಬಂದು ನೋಟ್‌ಬುಕ್ಕು ತೆರೆದಳು. ಧ್ವನಿ ಮೊದಲ ಸಾಲಿನಲ್ಲಿ ಒಡೆಯಿತು, ಎರಡನೆಯದರಲ್ಲಿ ನಿಂತಿತು. ತಾಸಿಗೆ ನಲವತ್ತು ಕುಕ್ಕು, ಆಮೇಲೆ ಇಪ್ಪತ್ತಾರು, ಹನ್ನೊಂದು, ಆರು. "ಗರಿ ಬರಲಿಕ್ಕ ಇನ್ನೂ ಒಂದೂವರಿ ತಿಂಗಳು ಬೇಕ್ರಿ ಅಂಕಲ್. ಗರಿ ಅವಸರ ಮಾಡಂಗಿಲ್ಲ." ಸಾಲು ಮುಗಿಯುವಾಗ ಮಾಂತು ಅವಳ ಪಕ್ಕಕ್ಕೆ ಬಂದು ನಿಂತು, ಅಜ್ಜನ ಕಡೆ ನೋಡದೆ, "ಆ ಆರು ಕುಕ್ಕು ಎಣಿಸಿದಾಂವ ನಾನು" ಎಂದ.

ಕೈಯೆತ್ತಿ ಮತ ಹಾಕಿದರು. ಇಡಬೇಕೆನ್ನುವವರು ಹದಿನಾರು, ಬೇಡವೆನ್ನುವವರು ಹದಿನೈದು. ಈರಬಸಪ್ಪನವರ ಕೈ ಕೊನೆಯವರೆಗೆ ಬೇಡವೆಂದೇ ನಿಂತಿತ್ತು. ಸೋತವರು ಷರತ್ತು ಹಾಕಿದರು: ಪಂಪ್‌ಹೌಸಿನ ಹಿಂದಿನಿಂದ ಕೋಳಿಗಳು ಏಳಬೇಕು. ನೀರಿನ ಟ್ಯಾಂಕಿನ ಆಚೆ, ಕಟ್ಟಡ ಕಟ್ಟಿದಾಗಿನಿಂದ ಒಡೆದ ಕಲ್ಲು, ಹೆಂಚು ಸುರಿದುಕೊಂಡು ಬಿದ್ದಿರುವ ಒಂದು ಪಟ್ಟಿ ಜಾಗವಿದೆ. ಅದನ್ನು ಎಂಟು ದಿನದಲ್ಲಿ ತೆರವು ಮಾಡಿ ಬೇಲಿ ಹಾಕಿದರೆ ಅಲ್ಲಿರಬಹುದು. ಇಲ್ಲವಾದರೆ ಇಂದಾಪುರ.

"ಒಂಬತ್ತನೇ ದಿನ ಇಲ್ರಿ, ಬಾಯಾರ" ಎಂದು ಹೇಳಿ ಅವರು ಆ ಪಟ್ಟಿಯ ಗೇಟಿನ ಕೀಲಿಯನ್ನು ನನ್ನ ಕಡೆ ಚಾಚಿದರು.

"ನನಗಲ್ಲ, ಆಕಿಗೆ ಕೊಡ್ರಿ" ಎಂದೆ.

ಅವರು ಮುಕ್ತಾಳ ಅಂಗೈಯನ್ನೂ ಆ ಕೀಲಿಯನ್ನೂ ನೋಡಿದರು. ಕೊಟ್ಟರು.

ಏಪ್ರಿಲ್ ೨೮, ಸೋಮವಾರ

ಬೆಳಗಿನ ಆರು. ಶಾಲೆಗೆ ರಜೆ. ಕಿಟಕಿಯಿಂದ ಟ್ಯಾಂಕಿನ ಆಚೆಯ ಪಟ್ಟಿ ಕಾಣುತ್ತದೆ: ಮೂವತ್ತು ಅಡಿ ಉದ್ದ, ಮೊಣಕಾಲೆತ್ತರದ ಕಲ್ಲು, ನಡುವೆ ಮುಳ್ಳುಗಿಡ. ಒಂಬತ್ತು ಗಂಟೆಯ ಮೇಲೆ ಬಿಸಿಲಿಗೆ ಕಲ್ಲು ಮುಟ್ಟಲಾಗುವುದಿಲ್ಲ. ದಿನಕ್ಕೆ ಮೂರೇ ತಾಸು ನಮ್ಮವು. ಎಂಟು ದಿನದಲ್ಲಿ ಆಗದೆಂದು ನಿನ್ನೆ ಮೂರು ಜನ ನನ್ನ ಮುಖದ ಮೇಲೇ ಹೇಳಿದರು. ಆಗುತ್ತದೆಯೋ ಇಲ್ಲವೋ ಕಲ್ಲನ್ನು ಎತ್ತಿ ನೋಡಿಯೇ ಹೇಳುತ್ತೇವೆ.

ಯಾವ ಮೂಲೆಯಿಂದ ಆರಂಭಿಸಬೇಕೆಂದು ಒಂದು ನಕ್ಷೆ ಬರೆಯಲು ಕುಳಿತಿದ್ದೆ. ಕೆಳಗೆ ಆಗಲೇ ಗೇಟು ಕಿರುಗುಟ್ಟಿತು. ಯಂಕವ್ವ ಸಲಿಕೆ ಹೆಗಲಿಗಿಟ್ಟುಕೊಂಡು ನಿಂತಿದ್ದಾಳೆ, ಮಾಂತು ತಲೆಗೆ ಟವೆಲ್ ಸುತ್ತಿದ್ದಾನೆ, ಮುಕ್ತಾ ಉಳಿದವರನ್ನು ಒಬ್ಬೊಬ್ಬರಿಗೆ ಒಂದೊಂದು ಮಾರು ಅಂತರದಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದಾಳೆ, ಬುಟ್ಟಿ ಕೈಯಿಂದ ಕೈಗೆ ದಾಟಲೆಂದು. ಸಾಲಿನ ನಡುವೆ ಒಬ್ಬರ ಜಾಗ ಖಾಲಿ ಬಿಟ್ಟಿದ್ದಾಳೆ.

ಈಗ ತಲೆಯೆತ್ತಿ ಕೂಗುತ್ತಿದ್ದಾಳೆ:

"ಅಕ್ಕೋರ, ಬರಿಯೂದು ಸಾಕ್ರಿ! ಕೆಳಗ ಬರ್ರಿ, ಬುಟ್ಟಿ ಹಿಡೀರಿ, ಶುರು ಮಾಡೂಣು!"